ಪೆಟ್ಟಿಗೆಯ ಮುಖದ ಮೇಲೆ ಕನ್ನಡ ನಿಲ್ಲಬೇಕಾದರೆ

ಕೆರಾಡಿಯ ಕಡೆ ಅಡಿಕೆ ತೋಟಕ್ಕೆ ಇಳಿದರೆ ಪಂಪ್‌ಶೆಡ್ಡಿನ ಗೋಡೆಗೆ ಬಿಗಿದ ತಗಡಿನ ಪೆಟ್ಟಿಗೆಯೊಂದು ಸಿಗುತ್ತದೆ. ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ, ಮೂರು ಫೇಸಿಗೆ ಮೂರು ದೀಪ, ವೋಲ್ಟ್ ತೋರಿಸುವ ಮೀಟರು, ಆಂಪಿಯರ್ ತೋರಿಸುವ ಮೀಟರು. ಘಟ್ಟದ ಬುಡದ ಊರು; ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಪೆಟ್ಟಿಗೆಯ ಮುಖಕ್ಕೆ ಅಂಟಿಸಿದ ಸ್ಟಿಕ್ಕರಿನ ಅಂಚು ಏಳುತ್ತದೆ. ಎರಡನೆಯದು ಮುಗಿದಾಗ ಅಕ್ಷರ ಮಾಸಿರುತ್ತದೆ. ಆಮೇಲೆ ಉಳಿಯುವುದು ಮನೆಯವರು ಮಾರ್ಕರ್ ಪೆನ್ನಿನಲ್ಲಿ ಗೀಚಿಕೊಂಡ ಗುರುತು ಮಾತ್ರ. ಯಜಮಾನರು ಕುಂದಾಪುರಕ್ಕೋ ವಂಡ್ಸೆಗೋ ಹೋದ ದಿನ ಮನೆಯಿಂದ ಫೋನು ಬರುತ್ತದೆ: “ಕೆಂಪ್ ಲೈಟ್ ಹೊತ್ತಿದ್ರೆ ಎಂತ ಮಾಡ್ಕ್?” ಈ ಪ್ರಶ್ನೆಗೆ ಉತ್ತರ ಆ ಪೆಟ್ಟಿಗೆಯ ಮುಖದ ಮೇಲೇ ಇರಬೇಕಿತ್ತು, ಕನ್ನಡದಲ್ಲಿ, ಓದಲು ಬರುವ ಗಾತ್ರದಲ್ಲಿ.

ಈಗ ಇಂಥ ಪೆಟ್ಟಿಗೆಗಳನ್ನು ನಮ್ಮವರೇ ಮಾಡುತ್ತಿದ್ದಾರೆ. ಮೊಬೈಲಿನಿಂದ ಮೋಟಾರು ಚಾಲೂ ಮಾಡುವ ಸ್ಟಾರ್ಟರು, ಮಣ್ಣಿನ ತೇವ ನೋಡಿ ನೀರು ಬಿಡುವ ಟೈಮರು, ತೊಟ್ಟಿ ತುಂಬಿದರೆ ಕೂಗುವ ಅಲಾರಮ್ಮು. ಎಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರು ಒಳಗಿನ ಸರ್ಕ್ಯೂಟಿಗೆ ತಿಂಗಳುಗಟ್ಟಲೆ ತಲೆ ಕೊಡುತ್ತಾರೆ. ಮುಖದ ಲೇಬಲ್ಲಿಗೆ ಒಂದು ಸಂಜೆಯನ್ನೂ ಕೊಡುವುದಿಲ್ಲ. ರೈತನ ಕೈಗೆ, ಕಣ್ಣಿಗೆ ಸಿಗುವುದು ಆ ಮುಖ ಒಂದೇ. ಒಳಗಿನದೆಲ್ಲ ಎಷ್ಟು ಜಾಣವಾಗಿದ್ದರೂ ಮುಖ ಓದಲಾಗದಿದ್ದರೆ ಯಂತ್ರ ಮೂಕ.

ಕಾನೂನೂ ಇದನ್ನು ಹೇಳುತ್ತದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಪ್ರಕಾರ, ರಾಜ್ಯದಲ್ಲಿ ತಯಾರಾಗುವ ಕೈಗಾರಿಕಾ ವಸ್ತುಗಳ ಮತ್ತು ಗ್ರಾಹಕ ವಸ್ತುಗಳ ಹೆಸರು, ಬಳಕೆಯ ಸೂಚನೆ ಬೇರೆ ಭಾಷೆಯ ಜೊತೆಗೆ ಕನ್ನಡದಲ್ಲೂ ಸಾಧ್ಯವಾದ ಮಟ್ಟಿಗೆ ಇರಬೇಕು. 2025ರಲ್ಲಿ ಸರ್ಕಾರ ಇದನ್ನು ನೆನಪಿಸಿ ಆದೇಶವನ್ನೂ ಹೊರಡಿಸಿತು. ಕನ್ನಡ ಹಾಕಲು ಮನಸ್ಸಿರುವ ತಯಾರಕರು ಇದ್ದಾರೆ. ಅವರು ಹಾಕಿಸಿದ ಕನ್ನಡ ಒತ್ತಕ್ಷರ ಒಡೆದು, ಶಾಯಿ ತುಂಬಿಕೊಂಡು, ಓದಲಾಗದೆ ಬರುವುದನ್ನೂ ನೋಡುತ್ತೇವೆ. ತಪ್ಪಾಗುವುದು ಅಚ್ಚಿನ ಯಂತ್ರದಲ್ಲಿ ಅಲ್ಲ, ಮುದ್ರಕರಿಗೆ ಕಳಿಸಿದ ಫೈಲಿನಲ್ಲಿ. ಆ ಫೈಲನ್ನು ಹೇಗೆ ಸಿದ್ಧ ಮಾಡಬೇಕೆಂದು ನಾಲ್ಕು ಮಾತು ವಿವರವಾಗಿ ಬರೆಯುವುದು ನನ್ನ ಉದ್ದೇಶ.

ಮೊದಲು, ನಾವೆಲ್ಲ ಬೆರಳಿಟ್ಟ ಒಂದು ಮುಖಫಲಕವನ್ನು ನೆನಪಿಸಿಕೊಳ್ಳೋಣ. ಮತಯಂತ್ರ. ದೇಶದ ಮತಯಂತ್ರಗಳನ್ನು ಮಾಡುವ ಎರಡೇ ಸಂಸ್ಥೆಗಳಲ್ಲಿ ಒಂದು 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್. ಇನ್ನೊಂದು ಹೈದರಾಬಾದಿನ ಇಸಿಐಎಲ್. ಮತದಾರ ಒತ್ತುವ ಘಟಕದಲ್ಲಿ 16 ನೀಲಿ ಗುಂಡಿಗಳು, ಪಕ್ಕದಲ್ಲಿ ಬ್ರೈಲ್ ಅಂಕಿಗಳು. ಇವು ಕಾಶ್ಮೀರದಲ್ಲೂ ಕುಂದಾಪುರದಲ್ಲೂ ಒಂದೇ. ಬದಲಾಗುವುದು ಪಾರದರ್ಶಕ ಹೊದಿಕೆಯ ಕೆಳಗೆ ಸೇರಿಸುವ ಮತಪತ್ರ. ಅಭ್ಯರ್ಥಿಗಳ ಹೆಸರು ಕನ್ನಡದಲ್ಲಿ ಬರುವುದು ಆ ಕಾಗದದ ಮೇಲೆ. ಬದಲಾಗದ್ದನ್ನು ಮೈಮೇಲೆ ಅಚ್ಚು ಹಾಕಿ, ಬದಲಾಗುವುದನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದಾರೆ. ಪಂಪಿನ ಪೆಟ್ಟಿಗೆಗೂ ಇದೇ ವಿವೇಕ ಬೇಕು. ಗುಂಡಿಯ ಹೆಸರು, ದೀಪದ ಅರ್ಥ, ಎಚ್ಚರಿಕೆ ಇವು ಲೇಬಲ್ಲಿನಲ್ಲಿ ಖಾಯಂ. ಮೋಟಾರಿನ ಅಶ್ವಶಕ್ತಿ, ಕೂರಿಸಿದ ತಾರೀಕು, ರಿಪೇರಿಯವರ ಮೊಬೈಲ್ ನಂಬರು ಇವು ಪೆಟ್ಟಿಗೆಯಿಂದ ಪೆಟ್ಟಿಗೆಗೆ, ವರ್ಷದಿಂದ ವರ್ಷಕ್ಕೆ ಬದಲಾಗುವಂಥವು. ಅದಕ್ಕೆ ಪೆನ್ನು ಹಿಡಿಯುವಂಥ ಹೊಳಪಿಲ್ಲದ ಖಾಲಿ ಚೌಕವೊಂದನ್ನು ಬಿಡಬೇಕು.

2025ರಲ್ಲಿ ಚುನಾವಣಾ ಆಯೋಗ ಮತಪತ್ರದ ವಿನ್ಯಾಸವನ್ನು ಪರಿಷ್ಕರಿಸಿದ ರೀತಿಯೂ ಗಮನಿಸುವಂಥದ್ದು. ಎಲ್ಲ ಅಭ್ಯರ್ಥಿಗಳ ಹೆಸರು ಒಂದೇ ಬಗೆಯ, ಒಂದೇ ಗಾತ್ರದ ಅಕ್ಷರದಲ್ಲಿರಬೇಕು. ಕ್ರಮಸಂಖ್ಯೆ 30ರ ಗಾತ್ರದಲ್ಲಿ ದಪ್ಪಗಿರಬೇಕು. ಕಾಗದ 70 ಜಿಎಸ್ಎಂ ಇರಬೇಕು. ವಿಧಾನಸಭೆ ಚುನಾವಣೆಯ ಗುಲಾಬಿ ಬಣ್ಣ ಯಾವುದೆಂದು ಅಂಕಿಗಳಲ್ಲೇ ನಿಗದಿ ಮಾಡಿದೆ. ಓದುವವನ ಕಣ್ಣನ್ನು ಮುಂದಿಟ್ಟುಕೊಂಡು, ಮುದ್ರಕನ ಊಹೆಗೆ ಏನನ್ನೂ ಬಿಡದೆ ಬರೆದ ಸೂಚನೆ ಅದು. ಲೇಬಲ್ಲಿನ ಫೈಲು ಕೂಡ ಇಂಥದೇ ಸೂಚನಾಪತ್ರ. ಬೆಂಗಳೂರಿನ ಪೀಣ್ಯದಲ್ಲೋ ಇನ್ನೆಲ್ಲೋ ಕೂತು ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ನಿಮ್ಮ ಪೆಟ್ಟಿಗೆಯನ್ನು ನೋಡಿರುವುದಿಲ್ಲ. ಎಷ್ಟೋ ವೇಳೆ ಅವರಿಗೆ ಕನ್ನಡ ಓದಲೂ ಬರುವುದಿಲ್ಲ.

ವೃತ್ತಿಪರವಾಗಿ ಮಾಡಿದ ಲೇಬಲ್ ಅಂದರೆ ಅಂಗಡಿಯ ವಿನೈಲ್ ಸ್ಟಿಕ್ಕರ್ ಅಲ್ಲ. ಪಾಲಿಕಾರ್ಬೊನೇಟ್ ಅಥವಾ ಪಾಲಿಯೆಸ್ಟರ್ ಎಂಬ ಪಾರದರ್ಶಕ ಹಾಳೆ, ಕಾಲು ಮಿಲಿಮೀಟರ್ ಆಸುಪಾಸು ದಪ್ಪ. ಅದರ ಹಿಂಬದಿಗೆ ಅಚ್ಚು. ಅಚ್ಚಿನ ಹಿಂದೆ ಗಮ್ಮು. ನೋಡುವವನ ಕಣ್ಣಿಗೂ ಶಾಯಿಗೂ ನಡುವೆ ಹಾಳೆಯೇ ಇರುವುದರಿಂದ ಕೈ ಸವೆದರೂ ಮಳೆ ಹೊಡೆದರೂ ಅಕ್ಷರ ಅಳಿಸದು. ಗುಂಡಿಯೇ ಲೇಬಲ್ಲಿನ ಕೆಳಗಿದ್ದು, ಹಾಳೆಯನ್ನೇ ಮತ್ತೆ ಮತ್ತೆ ಒತ್ತುವುದಾದರೆ ಪಾಲಿಯೆಸ್ಟರ್ ಒಳ್ಳೆಯದು. ಮಡಚಿ ಬಿಡಿಸಿದರೂ ಬೇಗ ಬಿರುಕು ಬಿಡದು, ಡೀಸೆಲ್ ಸೀಮೆಎಣ್ಣೆ ತಾಗಿದರೂ ಪಾಲಿಕಾರ್ಬೊನೇಟಿಗಿಂತ ಚೆನ್ನಾಗಿ ತಡೆಯುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಕೈಯಲ್ಲೇ ಮೋಟಾರು ಬಂದ್ ಮಾಡುವ ತೋಟಗಳಿಗೆ ನಾನಾದರೆ ಪಾಲಿಯೆಸ್ಟರನ್ನೇ ಆರಿಸುತ್ತೇನೆ. ಬಿಸಿಲು ನೇರವಾಗಿ ಬೀಳುವ ಕಡೆ ಅತಿನೇರಳೆ ಕಿರಣ ತಡೆಯುವ ಲೇಪ ಇರುವ ಹಾಳೆಯನ್ನು ಕೇಳಬೇಕು.

ಹಿಂಬದಿಯ ಅಚ್ಚು ಎಂದೊಡನೆ ಬಹಳ ಜನ ಫೈಲನ್ನು ತಾವೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕಳಿಸುತ್ತಾರೆ. ಬೇಡ. ಮುಂದಿನಿಂದ ಹೇಗೆ ಕಾಣಬೇಕೋ ಹಾಗೇ ಕಳಿಸಿ, ‘ಹಿಂಬದಿಯ ಅಚ್ಚು, ಫೈಲು ನೇರವಾಗಿದೆ’ ಎಂದು ಅಂಚಿನಲ್ಲಿ ಬರೆಯಿರಿ. ಮುದ್ರಕರು ತಿರುಗಿಸಿಯೇ ತಿರುಗಿಸುತ್ತಾರೆ. ಎರಡು ಸಲ ತಿರುಗಿದ ಕನ್ನಡವನ್ನು ಕನ್ನಡ ಬಾರದವರು ಗುರುತಿಸಲಾರರು. ಇಂಗ್ಲಿಷ್ ಅಕ್ಷರ ತಿರುಗಿದರೆ ಯಾರಿಗಾದರೂ ಕಾಣುತ್ತದೆ. ‘ಠ’, ‘ಂ’ ತಿರುಗಿದರೆ ನಮಗೇ ಒಂದು ಕ್ಷಣ ತಿಳಿಯದು.

ಇನ್ನು ಅಳತೆ. ಫೈಲು ಒಂದಕ್ಕೆ ಒಂದು ಗಾತ್ರದಲ್ಲಿ, ಮಿಲಿಮೀಟರಿನಲ್ಲಿ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೂ ಗಾತ್ರ ತಪ್ಪುತ್ತದೆ, ಅದಕ್ಕೆ ಒಂದು ಗುಪ್ತ ಕಾರಣ ಇದೆ. ಹಣ ಕೊಡದೆ ಸಿಗುವ ಇಂಕ್‌ಸ್ಕೇಪ್ ತಂತ್ರಾಂಶವನ್ನು ನಮ್ಮ ಹುಡುಗರು ಹೆಚ್ಚು ಬಳಸುತ್ತಾರೆ, ಬಳಸಬೇಕಾದ್ದೇ. ಅದು ಎಸ್‌ವಿಜಿ ಫೈಲಿನಲ್ಲಿ ಇಂಚಿಗೆ 96 ಬಿಂದು ಎಂದು ಲೆಕ್ಕ ಹಾಕುತ್ತದೆ; 2017ರಲ್ಲಿ ಬಂದ 0.92 ಆವೃತ್ತಿಗೆ ಮುಂಚೆ 90 ಎಂದು ಹಾಕುತ್ತಿತ್ತು. ಮುದ್ರಕರ ಬಳಿ ಇರುವ ಇಲಸ್ಟ್ರೇಟರ್ 72 ಎಂದು ಓದುತ್ತದೆ. ಹಾಗಾಗಿ ಬಿಂದುವಿನ ಲೆಕ್ಕದಲ್ಲಿ ಉಳಿಸಿದ 100 ಮಿ.ಮೀ. ಲೇಬಲ್ ಅಲ್ಲಿ ತೆರೆದಾಗ 133 ಮಿ.ಮೀ. ಆಗಿಬಿಡುತ್ತದೆ. ಅವರು ಪೆಟ್ಟಿಗೆ ನೋಡಿಲ್ಲ, ತಪ್ಪೆಂದು ಹೇಗೆ ಗೊತ್ತಾಗಬೇಕು? ಪರಿಹಾರ ಸುಲಭ. ಎಸ್‌ವಿಜಿ ಕಳಿಸದೆ ಪಿಡಿಎಫ್ ಕಳಿಸಿ, ಮತ್ತು ಲೇಬಲ್ಲಿನ ಹೊರಗೆ ಸರಿಯಾಗಿ 100 ಮಿ.ಮೀ. ಉದ್ದದ ಗೆರೆ ಎಳೆದು ಅದರ ಮೇಲೆ ‘100 ಮಿ.ಮೀ.’ ಎಂದು ಬರೆಯಿರಿ. ಯಾವ ತಂತ್ರಾಂಶದಲ್ಲಿ ತೆರೆದರೂ ಆ ಗೆರೆಯನ್ನು ಅಳೆದರೆ ಸತ್ಯ ಹೊರಬರುತ್ತದೆ.

ರಂಧ್ರಗಳ ಅಳತೆಯನ್ನು ಎಂದೂ ಬಿಡಿಭಾಗದ ಮುಖ ನೋಡಿ ತೆಗೆದುಕೊಳ್ಳಬಾರದು. ಪ್ಯಾನೆಲ್ಲಿಗೆ ಹಾಕುವ 96×96 ಮಿ.ಮೀ. ಡಿಜಿಟಲ್ ಮೀಟರನ್ನೇ ನೋಡಿ. ಅದರ ಹೆಸರೇ 96×96. ಕೊರೆಯಬೇಕಾದ ಕಿಂಡಿ ಮಾತ್ರ 92×92. ಉಳಿದ ಅಂಚು ಕಿಂಡಿಯ ಸುತ್ತ ಕೂತು ಅದನ್ನು ಮುಚ್ಚುತ್ತದೆ. 22 ಮಿ.ಮೀ. ಎಂದು ಅಂಗಡಿಯಲ್ಲಿ ಕೇಳಿ ತರುವ ಗುಂಡಿಗೂ ದೀಪಕ್ಕೂ ತಗಡಿನಲ್ಲಿ 22.5 ಮಿ.ಮೀ. ರಂಧ್ರ ಬೇಕು. ಲೇಬಲ್ಲಿನ ರಂಧ್ರವನ್ನು ತಗಡಿನದಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡದು ಮಾಡಿ, ಅಂಟಿಸುವಾಗ ಕೂದಲೆಳೆ ಆಚೀಚೆ ಆದರೂ ಗುಂಡಿಯ ಕೊರಳು ಹಾಳೆಗೆ ತಾಗುವುದಿಲ್ಲ. ಗುಂಡಿಯ ಅಗಲವಾದ ಉಂಗುರ ಆ ಸಂದನ್ನು ಹೇಗೂ ಮುಚ್ಚುತ್ತದೆ. ಒಳಮೂಲೆಗಳನ್ನು ಚೂಪಾಗಿ ಬಿಡಬೇಡಿ. ಒಂದು ಮಿಲಿಮೀಟರಾದರೂ ದುಂಡಗೆ ಮಾಡಿ, ಏಕೆಂದರೆ ಹಾಳೆ ಹರಿಯಲು ಶುರುವಾಗುವುದೇ ಚೂಪು ಮೂಲೆಯಿಂದ. ಪೆಟ್ಟಿಗೆಯಲ್ಲಿ ಲೇಬಲ್ ಕೂರಲು ತಗ್ಗು ಇದ್ದರೆ ಲೇಬಲ್ ಆ ತಗ್ಗಿಗಿಂತ ಸುತ್ತಲೂ ತುಸು ಚಿಕ್ಕದಿರಬೇಕು, ಇಲ್ಲದಿದ್ದರೆ ಅಂಚು ಎದ್ದು ಅಲ್ಲಿಂದಲೇ ನೀರು ನುಗ್ಗುತ್ತದೆ.

ನೀರಿನ ಮಾತು ಬಂದದ್ದರಿಂದ: ನಮ್ಮ ಸೀಮೆಗೆ ರಂಧ್ರ ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಚಿಕ್ಕ ಎಲ್‌ಇಡಿ ದೀಪಗಳಿಗೆ ಲೇಬಲ್ಲಿನಲ್ಲಿ ರಂಧ್ರವೇ ಬೇಡ. ಹಾಳೆ ಪಾರದರ್ಶಕವಲ್ಲವೆ, ದೀಪದ ಜಾಗದಲ್ಲಿ ಶಾಯಿ ಬಿಡದೆ ಕಿಟಕಿ ಬಿಟ್ಟರೆ ಸಾಕು. ತಗಡಿಗೆ ರಂಧ್ರ, ಅದರ ಮೇಲೆ ಹಾಳೆ ಮುಚ್ಚಳ. ಮಳೆ ನೀರಿಗೆ ದಾರಿಯಿಲ್ಲ, ಇರುವೆಗೂ ಇಲ್ಲ.

ಇಲ್ಲಿ ಬಿಳಿಯ ಬಗ್ಗೆ ಹೇಳಲೇಬೇಕು, ಮೊದಲ ಸಲ ಮಾಡಿಸುವವರು ಎಡವುವುದು ಇಲ್ಲೇ. ಕಂಪ್ಯೂಟರಿನ ಪರದೆಯಲ್ಲಿ, ಕಾಗದದ ಮೇಲೆ ಬಿಳಿ ಅಂದರೆ ಏನೂ ಇಲ್ಲದ ಜಾಗ. ಪಾರದರ್ಶಕ ಹಾಳೆಯಲ್ಲಿ ಬಿಳಿ ಅಂದರೆ ಒಂದು ಶಾಯಿ, ಅದಕ್ಕೆ ಬೇರೆಯೇ ಸ್ಕ್ರೀನು. ಫೈಲಿನಲ್ಲಿ ಬಿಳಿ ಎಂದು ಬಿಟ್ಟರೆ ಆ ಜಾಗದಲ್ಲಿ ಹಿಂದಿನ ತಗಡು ಕಾಣುವ ಲೇಬಲ್ ಬರುತ್ತದೆ. ಹಾಗಾಗಿ ಬಿಳಿ ಬೇಕಾದ ಕಡೆಗಳನ್ನು ಬೇರೆ ಪದರದಲ್ಲಿ, ಬೇರೆಲ್ಲೂ ಬಳಸದ ಕಣ್ಣು ಕುಕ್ಕುವ ಬಣ್ಣದಲ್ಲಿ ಬರೆದು, ಆ ಬಣ್ಣಕ್ಕೆ ‘ಬಿಳಿ ಶಾಯಿ’ ಎಂಬ ಹೆಸರು ಕೊಡಬೇಕು. ಬಣ್ಣದ, ಪದರದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ, ಎಲ್ಲ ತಂತ್ರಾಂಶಗಳೂ ಕನ್ನಡದ ಹೆಸರನ್ನು ಉಳಿಸಿಕೊಳ್ಳುವುದಿಲ್ಲ. ಕತ್ತರಿಸುವ ಗೆರೆಗೂ ಹೀಗೇ ಬೇರೆ ಪದರ, ಬೇರೆ ಬಣ್ಣ, ಬೇರೆ ಹೆಸರು. ಹಿನ್ನೆಲೆಯ ಬಣ್ಣ ಕತ್ತರಿಸುವ ಗೆರೆಯನ್ನು ದಾಟಿ ಸುತ್ತಲೂ 3 ಮಿ.ಮೀ. ಹೊರಗೆ ಹರಡಿರಲಿ, ಇದನ್ನೇ ಅಚ್ಚಿನವರು ಬ್ಲೀಡ್ ಎನ್ನುತ್ತಾರೆ. ಎಲ್‌ಇಡಿಯ ಬೆಳಕು ಪಕ್ಕದ ಅಕ್ಷರದೊಳಗೂ ಸೋರಬಾರದೆಂದಿದ್ದರೆ ಬಿಳಿಯ ಹಿಂದೆ ಬೂದು ಬಣ್ಣದ ತಡೆ ಪದರವೊಂದನ್ನು ಕೇಳಿ.

ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪ್ರತಿ ಬಣ್ಣಕ್ಕೂ ಒಂದು ಪಾಸಿಟಿವ್, ಒಂದು ಸ್ಕ್ರೀನು, ಒಂದು ಸಲದ ಅಚ್ಚು, ಒಣಗಲು ಒಂದು ಸರದಿ. ಬಣ್ಣ ಹೆಚ್ಚಿದಂತೆ ಖರ್ಚೂ ಹೆಚ್ಚು. ಪಂಪಿನ ಪೆಟ್ಟಿಗೆಗೆ ಕಪ್ಪು, ಬಿಳಿ, ಕೆಂಪು, ಹಸಿರು, ಹಳದಿ, ನೀಲಿ ಇದ್ದರೆ ಬೇಕಾದಷ್ಟಾಯಿತು. ಹಿನ್ನೆಲೆಯನ್ನು ಪೆಟ್ಟಿಗೆಯ ಬಣ್ಣಕ್ಕೇ ಹೊಂದಿಸಬೇಕೆಂದರೆ ತಗಡಿಗೆ ಬಳಿದ ಬಣ್ಣದ ಸಂಖ್ಯೆ ಕೇಳಿಕೊಳ್ಳಿ. ನಮ್ಮ ಪ್ಯಾನೆಲ್ ಬೋರ್ಡುಗಳ ತಿಳಿ ಬೂದು ಬಹಳ ಕಡೆ ರಾಲ್ 7035. ಬಣ್ಣಗಳನ್ನು ಪ್ಯಾಂಟೋನ್ ಅಥವಾ ರಾಲ್ ಸಂಖ್ಯೆಯಲ್ಲಿ ಬರೆದು ಕೊಡಿ. ಪರದೆಯಲ್ಲಿ ನೋಡಿ ‘ಇದೇ ನೀಲಿ’ ಎಂದರೆ ನಡೆಯದು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಶಾಯಿ ಬೆಳಕನ್ನು ಹೀರಿ ಬಣ್ಣ ತೋರಿಸುತ್ತದೆ. ಪರದೆಯ ಹೊಳೆಯುವ ನೀಲಿಯನ್ನು ನಾಲ್ಕು ಬಣ್ಣದ ಡಿಜಿಟಲ್ ಅಚ್ಚಿಗೆ ಕೊಟ್ಟರೆ ನೇರಳೆಗೆ ತಿರುಗಿದ ಮಂಕು ನೀಲಿ ಬರುತ್ತದೆ. ಮೂರು ಫೇಸನ್ನು ಕೆಂಪು, ಹಳದಿ, ನೀಲಿ ಎಂದು ಗುರುತಿಸುವ ನಮ್ಮ ದೇಶದಲ್ಲಿ ಇದು ಬರೀ ಅಂದದ ಪ್ರಶ್ನೆಯಲ್ಲ. ಇನ್ನೊಂದು: ಪಕ್ಕಪಕ್ಕದ ಎರಡು ಬಣ್ಣಗಳು ಒಂದರ ಮೇಲೊಂದು 0.2 ಮಿ.ಮೀ.ನಷ್ಟು ಹತ್ತಿರಲಿ. ಕೈಯಲ್ಲಿ ಎಳೆಯುವ ಸ್ಕ್ರೀನು ಪ್ರತಿ ಸಲ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಕೂರುವುದಿಲ್ಲ, ಸಂದು ಬಿಟ್ಟರೆ ಹಿಂದಿನದು ಇಣುಕುತ್ತದೆ.

ಈಗ ಅಕ್ಷರಕ್ಕೆ ಬರೋಣ. ಇಲ್ಲಿ ನಿಧಾನಿಸಬೇಕು.

ಇಂಗ್ಲಿಷಿನ ಫೈಲಿನಲ್ಲಿ ಫಾಂಟು ಸಿಗದಿದ್ದರೆ ಅಕ್ಷರದ ರೂಪ ಬದಲಾಗುತ್ತದೆ, ಪದ ಉಳಿಯುತ್ತದೆ. ಕನ್ನಡದಲ್ಲಿ ಪದವೇ ಉಳಿಯುವುದಿಲ್ಲ. ನಮ್ಮ ಅಚ್ಚಿನ ಮನೆಗಳಲ್ಲಿ ಇನ್ನೂ ಎರಡು ಕಾಲದ ಕನ್ನಡ ಒಟ್ಟಿಗೆ ಇದೆ. ಒಂದು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಹಳೆಯ ನುಡಿ, ಬರಹದ ಫಾಂಟುಗಳು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಮೋಟಾರು’ ಎಂಬುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ. ಇನ್ನೊಂದು, ಯೂನಿಕೋಡ್. ಇದರಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಆದರೆ ಅದನ್ನು ಕೂಡಿಸಿ ಒತ್ತು, ಗುಣಿತ ಮಾಡುವ ಕೆಲಸ ತಂತ್ರಾಂಶದ್ದು. ಆ ಕೆಲಸ ಬಾರದ ತಂತ್ರಾಂಶದಲ್ಲಿ ‘ಒತ್ತಿ’ ಎಂಬುದು ‘ಒತ್‌ತಿ’ ಆಗುತ್ತದೆ, ‘ವಿದ್ಯುತ್’ ಎಂಬುದು ‘ವಿದ್‌ಯುತ್’ ಆಗುತ್ತದೆ. ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿಯೇ ಕೂಡಿಸುತ್ತದೆ. ಇಲಸ್ಟ್ರೇಟರಿನಲ್ಲಿ ಭಾರತೀಯ ಭಾಷೆಗಳ ಜೋಡಣೆಯ ಆಯ್ಕೆಯನ್ನು ನಾವೇ ಹೋಗಿ ಒತ್ತಬೇಕು. ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ ಇರುವುದರಿಂದ ಬೆರಳಚ್ಚಿನ ಕಷ್ಟ ನಮಗೆ ಎಂದೋ ತೀರಿದೆ. ಉಳಿದಿರುವುದು, ಟೈಪಿಸಿದ್ದು ಇನ್ನೊಬ್ಬರ ಕಂಪ್ಯೂಟರಿಗೆ ಹಾಗೇ ತಲುಪುವ ಪ್ರಶ್ನೆ.

ಅದಕ್ಕೆ ಇರುವ ದಾರಿ ಒಂದೇ. ಅಚ್ಚಿನವರ ಮಾತಿನಲ್ಲಿ ‘ಕರ್ವ್ ಮಾಡಿ ಕಳಿಸುವುದು’. ಅಂದರೆ ಪಠ್ಯವನ್ನು ಪಠ್ಯವಾಗಿ ಬಿಡದೆ ಪ್ರತಿ ಅಕ್ಷರವನ್ನೂ ಗೆರೆಯಿಂದ ಬರೆದ ಚಿತ್ರವಾಗಿ ಬದಲಿಸುವುದು. ಕೋರೆಲ್ ಡ್ರಾ, ಇಲಸ್ಟ್ರೇಟರ್, ಇಂಕ್‌ಸ್ಕೇಪ್ ಮೂರರಲ್ಲೂ ಇದಕ್ಕೆ ಒಂದೇ ಆಜ್ಞೆ ಸಾಕು. ಆಮೇಲೆ ಯಾವ ಫಾಂಟೂ ಬೇಡ, ಯಾವ ಜೋಡಣೆಯೂ ಬೇಡ; ಚಿತ್ರ ಎಲ್ಲಿ ತೆರೆದರೂ ಚಿತ್ರ. ಕರ್ವ್ ಮಾಡಿದ ಮೇಲೆ ತಿದ್ದಲಾಗದು ಎಂಬುದನ್ನು ಮರೆಯಬಾರದು. ತಿದ್ದಬಹುದಾದ ಮೂಲ ಫೈಲು ನಿಮ್ಮ ಬಳಿ, ಕರ್ವ್ ಮಾಡಿದ ಪ್ರತಿ ಮುದ್ರಕರಿಗೆ. ಎರಡಕ್ಕೂ ಒಂದೇ ಆವೃತ್ತಿ ಸಂಖ್ಯೆ, ತಾರೀಕು ಅಂಚಿನಲ್ಲಿ ಇರಲಿ.

ಕರ್ವ್ ಮಾಡಿದೊಡನೆ ಕೆಲಸ ಮುಗಿಯಿತೆಂದು ಬಹಳ ಜನ ತಿಳಿದಿದ್ದಾರೆ. ಕನ್ನಡಕ್ಕೆ ಇನ್ನೊಂದು ಹೆಜ್ಜೆ ಬೇಕು. ಎಷ್ಟೋ ಫಾಂಟುಗಳಲ್ಲಿ ಕೊಂಬು, ದೀರ್ಘ, ಒತ್ತು ಇವು ಮೂಲ ಅಕ್ಷರದ ಮೇಲೆ ತುಸು ಹತ್ತಿ ಕೂತಿರುತ್ತವೆ. ಕಣ್ಣಿಗೆ ಒಂದೇ ಅಕ್ಷರ, ಒಳಗೆ ಎರಡು ಗೆರೆಚಿತ್ರ. ಇವನ್ನು ಒಂದಾಗಿ ಸೇರಿಸುವಾಗ ಎರಡೂ ಹತ್ತಿದ ಜಾಗ ಟೊಳ್ಳಾಗಿ, ‘ಕೂ’ವಿನ ಕೊಂಬಿನ ಬುಡದಲ್ಲಿ ಚಿಕ್ಕ ಬಿಳಿ ಕಲೆಯೊಂದು ಮೂಡುವುದುಂಟು. ಅಲ್ಯೂಮಿನಿಯಂ ಫಲಕಕ್ಕೆ ಲೇಸರಿನಲ್ಲಿ ಕೊರೆಸುವಾಗಲಂತೂ ಹತ್ತಿದ ಭಾಗ ಕೊರೆಯದೆ ಉಳಿಯುತ್ತದೆ. ಆದ್ದರಿಂದ ಕರ್ವ್ ಮಾಡಿದ ಮೇಲೆ ಪ್ರತಿ ಪದವನ್ನೂ ಬೆಸೆಯಬೇಕು. ತಂತ್ರಾಂಶದಲ್ಲಿ ವೆಲ್ಡ್ ಎಂದೋ ಯೂನಿಯನ್ ಎಂದೋ ಇರುತ್ತದೆ. ಬೆಸೆದ ಮೇಲೆ ಅಕ್ಷರಗಳನ್ನು ದೊಡ್ಡದು ಮಾಡಿ ಒಂದೊಂದನ್ನೂ ನೋಡಿ.

ಗಾತ್ರದ ವಿಚಾರದಲ್ಲಿ ಕನ್ನಡಕ್ಕೆ ಆಗುವ ಅನ್ಯಾಯ ನನಗೆ ಬಹಳ ಬೇಸರ ತರುತ್ತದೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಎಂದು ಅಳೆದ ಪಟ್ಟಿಯೊಳಗೆ ಕನ್ನಡವನ್ನು ಅದುಮಿ ಕೂರಿಸುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರ ಒಂದು ಗೆರೆಯ ಮೇಲೆ ಕೂತು ಮುಗಿಯುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತು. ‘ಸರ್ಕ್ಯೂಟ್’ ಎಂದು ಬರೆದು ನೋಡಿ, ಮೂಲ ಅಕ್ಷರದ ಒಂದೂವರೆ ಪಟ್ಟಿಗೂ ಹೆಚ್ಚು ಎತ್ತರ ಕೇಳುತ್ತದೆ. ಓದುವ ದೂರದ ಇನ್ನೂರರಲ್ಲಿ ಒಂದು ಭಾಗದಷ್ಟು ಅಕ್ಷರದ ಎತ್ತರ ಇರಬೇಕೆಂಬುದು ಉಪಕರಣಗಳ ವಿನ್ಯಾಸದಲ್ಲಿ ರೂಢಿಯ ಲೆಕ್ಕ. ಪಂಪಿನ ಪೆಟ್ಟಿಗೆಯ ಮುಂದೆ ನಿಂತವರ ಕಣ್ಣು 70 ಸೆಂ.ಮೀ. ದೂರದಲ್ಲಿದ್ದರೆ 3.5 ಮಿ.ಮೀ. ಆಯಿತು. ಕನ್ನಡದಲ್ಲಿ ಈ 3.5 ಮಿ.ಮೀ. ಒತ್ತು, ಗುಣಿತ ಬಿಟ್ಟು ಮೂಲ ಅಕ್ಷರಕ್ಕೇ ಸಿಗಬೇಕು. ಶೆಡ್ಡಿನ ಮಬ್ಬು ಬೆಳಕು, ಓದುವವರ ವಯಸ್ಸು ನೆನೆದರೆ ಇನ್ನೂ ಒಂದು ಮಿಲಿಮೀಟರ್ ಸೇರಿಸುವುದು ಒಳ್ಳೆಯದು.

ಗೆರೆಯ ದಪ್ಪವೂ ಅಷ್ಟೇ ಮುಖ್ಯ. ಸ್ಕ್ರೀನಿನಲ್ಲಿ 0.25 ಮಿ.ಮೀ.ಗಿಂತ ತೆಳ್ಳಗಿನ ಗೆರೆಯನ್ನು ನಂಬುವಂತಿಲ್ಲ. ಗೆರೆಗಳ ನಡುವಿನ ಸಂದಿಗೂ ಅದೇ ಮಿತಿ. ‘ದ’ಕ್ಕೂ ‘ಧ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ, ‘ಪ’ಕ್ಕೂ ‘ಷ’ಕ್ಕೂ ಇರುವ ವ್ಯತ್ಯಾಸ ಒಂದು ಚಿಕ್ಕ ಸೀಳು, ಒಂದು ಚಿಕ್ಕ ಗೀರು. ಕಡುಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರೆ ಸುತ್ತಲಿನ ಶಾಯಿ ಒಳಕ್ಕೆ ಹರಡಿ ತೆಳುವಾದ ಗೆರೆಗಳನ್ನು ಮೊದಲು ನುಂಗುತ್ತದೆ. ಹಾಗಾಗಿ ಬಿಳಿ ಅಕ್ಷರಕ್ಕೆ ಒಂದು ತೂಕ ದಪ್ಪ ಫಾಂಟು. ದಪ್ಪ ಅಂದರೆ ಅತಿ ದಪ್ಪವಲ್ಲ, ಅದರಲ್ಲಿ ಒಳಸಂದಿಯೇ ಮುಚ್ಚುತ್ತದೆ. ಒಂದೇ ದಪ್ಪದ ಗೆರೆ ಇರುವ, ಹಲವು ತೂಕಗಳಲ್ಲಿ ಸಿಗುವ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ, ಎರಡೂ ಉಚಿತ. ಮದುವೆ ಕಾಗದದ ಬಳುಕು ಅಕ್ಷರ ಪೆಟ್ಟಿಗೆಗೆ ಬೇಡ. ಸಣ್ಣ ಕಪ್ಪು ಅಕ್ಷರ ಡಿಜಿಟಲ್ ಅಚ್ಚಿಗೆ ಹೋಗುವುದಾದರೆ ನಾಲ್ಕು ಬಣ್ಣ ಬೆರೆಸಿದ ಕಪ್ಪು ಬೇಡ, ಶುದ್ಧ ಕಪ್ಪು ಒಂದೇ ಇರಲಿ. ನಾಲ್ಕು ಬಣ್ಣ ಸ್ವಲ್ಪ ಜಾರಿದರೂ ಅಕ್ಷರದ ಅಂಚಿಗೆ ನೆರಳು ಹತ್ತುತ್ತದೆ.

ಏನು ಬರೆಯಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಚಿಕ್ಕದು. ಗುಂಡಿಯ ಮೇಲೆ ಅಂತರರಾಷ್ಟ್ರೀಯ ಗುರುತು, ಅದರ ಕೆಳಗೆ ತೋಟದವರು ಬಾಯಲ್ಲಿ ಹೇಳುವ ಮಾತು. ಚಾಲೂಗೆ ನಿಂತ ಗೆರೆ, ಬಂದಿಗೆ ಸೊನ್ನೆ. ಇವು ಐಇಸಿ 60417 ಎಂಬ ಮಾನಕದ 5007, 5008ನೆಯ ಗುರುತುಗಳು. ರಕ್ಷಣೆಯ ಅರ್ಥಿಂಗಿನದು 5019. ವಿದ್ಯುತ್ ಅಪಾಯದ ಹಳದಿ ತ್ರಿಕೋನ, ಅದರೊಳಗಿನ ಮಿಂಚು ಓದು ಬಾರದವರಿಗೂ ತಿಳಿಯುತ್ತದೆ. ಇವುಗಳನ್ನು ಕೈಯಾರೆ ಬರೆಯಬೇಡಿ, ಅಂತರ್ಜಾಲದಿಂದ ಮಸುಕು ಚಿತ್ರ ತಂದು ಅಂಟಿಸಬೇಡಿ, ಗೆರೆಚಿತ್ರವಾಗಿಯೇ ಇರಲಿ. ದೀಪದ ಪಕ್ಕ ಬರೀ ಹೆಸರು ಸಾಲದು. ‘ಓವರ್‌ಲೋಡ್’ ಎಂದಷ್ಟೇ ಬರೆದರೆ ಫೋನು ತಪ್ಪುವುದಿಲ್ಲ. ‘ಮೋಟಾರಿಗೆ ಭಾರ ಹೆಚ್ಚಾಗಿದೆ. ಬಂದ್ ಮಾಡಿ, 10 ನಿಮಿಷ ಬಿಟ್ಟು ನೋಡಿ’ ಎಂದರೆ ಮನೆಯಲ್ಲಿ ಯಾರಿದ್ದರೂ ಸಂಭಾಳಿಸುತ್ತಾರೆ.

ಕಳಿಸುವ ಮುಂಚೆ ಕಾಗದದಲ್ಲಿ ಅಚ್ಚು ತೆಗೆಯಿರಿ. ಮುದ್ರಣದ ಕಿಟಕಿಯಲ್ಲಿ ‘ಪುಟಕ್ಕೆ ಹೊಂದಿಸು’ ಎಂಬುದನ್ನು ತೆಗೆದು ‘ನಿಜ ಗಾತ್ರ’ ಎಂಬುದನ್ನು ಒತ್ತಿ, ಬಂದ ಹಾಳೆಯಲ್ಲಿ ಆ 100 ಮಿ.ಮೀ. ಗೆರೆಯನ್ನು ಸ್ಕೇಲಿನಿಂದ ಅಳೆಯಿರಿ. ರಂಧ್ರಗಳನ್ನು ಬ್ಲೇಡಿನಿಂದ ಕತ್ತರಿಸಿ ಪೆಟ್ಟಿಗೆಗೆ ಹಿಡಿಯಿರಿ. ಗುಂಡಿ ಕೂರಿಸಿ ನೋಡಿ, ಅದರ ಉಂಗುರ ಅಕ್ಷರವನ್ನು ಮುಚ್ಚುತ್ತಿದೆಯೇ? ಸಾಧ್ಯವಾದರೆ ಆ ಕಾಗದ ಕಟ್ಟಿದ ಪೆಟ್ಟಿಗೆಯನ್ನು ತೋಟದ ಶೆಡ್ಡಿನಲ್ಲಿ, ಸಂಜೆ ಹೊತ್ತು, ಕನ್ನಡಕ ಹಾಕುವ ಹಿರಿಯರೊಬ್ಬರ ಮುಂದೆ ಇಟ್ಟು ಓದಿಸಿ. ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಬೇಕು. ಆ ಒಂದು ಸಂಜೆ ನೂರು ಲೇಬಲ್ ವ್ಯರ್ಥವಾಗುವುದನ್ನು ತಪ್ಪಿಸಬಲ್ಲದು.

ಪಿಡಿಎಫ್ ಜೊತೆ ಲೇಬಲ್ ಹೇಗೆ ಕಾಣಬೇಕೆಂಬ ಒಂದು ಸಾದಾ ಚಿತ್ರವನ್ನೂ ಕಳಿಸಿ. ಕನ್ನಡ ಬಾರದ ಮುದ್ರಕರು ತಮ್ಮ ಪರದೆಯಲ್ಲಿ ಕಂಡದ್ದನ್ನು ಆ ಚಿತ್ರದೊಂದಿಗೆ ಗೆರೆಗೆ ಗೆರೆ ಹೋಲಿಸಬಹುದು. ಪಠ್ಯವನ್ನು ಮತ್ತೆ ಟೈಪು ಮಾಡಬಾರದು ಎಂದು ಸ್ಪಷ್ಟವಾಗಿ ಬರೆಯಿರಿ. ಅವರು ಕಳಿಸುವ ಪ್ರೂಫನ್ನು ಕನ್ನಡ ಚೆನ್ನಾಗಿ ಓದುವವರು, ಫೈಲು ಮಾಡಿದವರಲ್ಲದ ಇನ್ನೊಬ್ಬರು ನೋಡಬೇಕು. ತಾನು ಬರೆದದ್ದನ್ನು ನೋಡುವಾಗ ಕಣ್ಣು ಇರುವುದನ್ನು ಬಿಟ್ಟು ಇರಬೇಕಾದ್ದನ್ನೇ ಓದುತ್ತದೆ. ಹತ್ತಿಪ್ಪತ್ತು ಲೇಬಲ್ ಮಾತ್ರ ಬೇಕಿದ್ದರೆ ಸ್ಕ್ರೀನು ಮಾಡಿಸುವ ಖರ್ಚು ಹೊರೆ, ಡಿಜಿಟಲ್ಲಿನಲ್ಲೇ ಹಿಂಬದಿಗೆ ಅಚ್ಚು ಹಾಕಿಸಬಹುದು. ನೂರಾರು ಬೇಕೆಂದಾಗ ಸ್ಕ್ರೀನಿಗೆ ಹೋಗಿ.

ಗಮ್ಮನ್ನು ಆರಿಸುವುದೂ ಫೈಲಿನ ಜೊತೆಯ ಚೀಟಿಯಲ್ಲೇ ಬರೆಯಬೇಕಾದ ವಿಷಯ. ನುಣುಪು ತಗಡಿಗೆ ತೆಳು ಗಮ್ಮು ಸಾಕು. ಪೌಡರ್ ಕೋಟಿಂಗಿನ ತರಿತರಿ ಮೈಗೆ ತೆಳು ಗಮ್ಮು ಉಬ್ಬುಗಳ ತುದಿಗಷ್ಟೇ ಹತ್ತುತ್ತದೆ, ತಗ್ಗುಗಳಲ್ಲಿ ನೀರು ಹರಿಯುತ್ತದೆ. 3ಎಂ ಕಂಪನಿಯ 467 ಗಮ್ಮಿನ ಪದರ 0.05 ಮಿ.ಮೀ., 468ರದು 0.13 ಮಿ.ಮೀ.; ತೋಟದ ಪೆಟ್ಟಿಗೆಗೆ ದಪ್ಪನೆಯದೇ ಬೇಕು. ಕಿಟಕಿ, ರಂಧ್ರಗಳ ಸುತ್ತಲೂ ಗಮ್ಮು ಎಲ್ಲೂ ತುಂಡಾಗದೆ ಹಬ್ಬಿರಲಿ, ದೀಪದ ಕಿಟಕಿಯ ಮೇಲೆ ಮಾತ್ರ ಗಮ್ಮು ಬಾರದಂತೆ ಗುರುತು ಹಾಕಿ.

ಅಂಟಿಸುವ ಕೆಲಸವನ್ನು ಮೇ ತಿಂಗಳಲ್ಲೇ, ತಗಡು ಬೆಚ್ಚಗೆ ಒಣಗಿರುವಾಗ ಮುಗಿಸಿಕೊಳ್ಳಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಂದು ಅಂಚಿನಿಂದ ಶುರು ಮಾಡಿ, ಗಾಳಿ ಉಳಿಯದಂತೆ ರಬ್ಬರ್ ರೋಲರಿನಿಂದ ಒತ್ತುತ್ತ ಹೋಗಿ. ಇಂಥ ಗಮ್ಮು ಪೂರ್ತಿ ಹಿಡಿತಕ್ಕೆ ಬರಲು 72 ಗಂಟೆ ಬೇಕು. ಅಲ್ಲಿಯವರೆಗೆ ಪೆಟ್ಟಿಗೆ ಮನೆಯೊಳಗೇ ಇರಲಿ.